ಹಾರ್ಡ್ ಡಿಸ್ಕ್ ಇರುವ ಹಳೇ ಐಪಾಡ್: ಕೊಳ್ಳುವುದು, ತುಂಬುವುದು, ಬಾಳಿಸುವುದು

ಬೀರುವಿನ ಮೂಲೆಯಲ್ಲಿ ಹಳೇ ಐಪಾಡ್ (ಆಪಲ್ ಕಂಪನಿಯ ಹಾಡು ಕೇಳುವ ಪ್ಲೇಯರ್) ಸಿಕ್ಕಿದೆ, ಅಥವಾ ಯಾರೋ ಕಡಿಮೆ ದುಡ್ಡಿಗೆ ಮಾರುತ್ತಿದ್ದಾರೆ, ತೊಗೊಳ್ಳಬಹುದಾ ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ತೊಗೊಳ್ಳಿ. ಮೊಬೈಲ್ ಇದ್ದಮೇಲೆ ಇದೆಲ್ಲ ಯಾಕೆ ಅನ್ನುವವರಿಗೆ ಹೇಳಲು ನನ್ನ ಹತ್ತಿರ ದೊಡ್ಡ ವಾದ ಏನಿಲ್ಲ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಹಾಡಿನ ಮಧ್ಯೆ ಫೋನ್ ಬರುವುದಿಲ್ಲ, ಜಾಹೀರಾತು ಬರುವುದಿಲ್ಲ, ಸಿಗ್ನಲ್ ಹೋಯಿತು ಅಂತ ಹಾಡು ನಿಲ್ಲುವುದಿಲ್ಲ. ನನಗೆ ಅಷ್ಟು ಸಾಕು.

ಆದರೆ ಒಂದು ವಿಷಯ ಮೊದಲೇ ಗೊತ್ತಿರಲಿ. ಮೊಬೈಲ್‌ನಲ್ಲಿ, ಪೆನ್ ಡ್ರೈವ್‌ನಲ್ಲಿ ಫೈಲ್ ಇಡುವ ಕಡೆ ಅಲುಗಾಡುವ ಭಾಗ ಇಲ್ಲ. ಇದರಲ್ಲಿ ಇದೆ. 1.8 ಇಂಚಿನ ಪುಟ್ಟ ಹಾರ್ಡ್ ಡಿಸ್ಕ್, ನಿಮಿಷಕ್ಕೆ ಸುಮಾರು 4200 ಸುತ್ತು ತಿರುಗುತ್ತದೆ. ಅದರ ಮೇಲೆ ಕೂದಲಿಗಿಂತ ಎಷ್ಟೋ ಸಣ್ಣ ಸಂದು ಬಿಟ್ಟು, ಗಾಳಿಯ ಮೇಲೆ ಓದುವ ಹೆಡ್ ತೇಲುತ್ತಿರುತ್ತದೆ. ಯಾವ ಮಾದರಿ ಕೊಳ್ಳಬೇಕು, ಯಾವ ಫೈಲ್ ಹಾಕಬೇಕು, ಎಲ್ಲಿ ಇಟ್ಟುಕೊಳ್ಳಬೇಕು, ಕೆಟ್ಟರೆ ಏನು ಮಾಡಬೇಕು, ಎಲ್ಲವೂ ಈ ಡಿಸ್ಕ್ ಯಾವಾಗ ತಿರುಗುತ್ತದೆ, ಯಾವಾಗ ಸುಮ್ನಿರುತ್ತದೆ ಅನ್ನುವುದರ ಮೇಲೆ ನಿಂತಿದೆ.

ಹಾಡು ಕೇಳುವಷ್ಟು ಹೊತ್ತೂ ಅದು ತಿರುಗುತ್ತಲೇ ಇರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ಒಳಗೆ 32 ಅಥವಾ 64 ಎಂಬಿ ಮೆಮೊರಿ ಬೇರೆ ಇರುತ್ತದೆ. ತಿಂಗಳ ದಿನಸಿಯನ್ನು ಒಂದೇ ಸಲ ಮನೆಗೆ ತಂದಿಟ್ಟ ಹಾಗೆ, ಡಿಸ್ಕ್ ಒಮ್ಮೆ ಎದ್ದು ಮುಂದಿನ ನಾಲ್ಕಾರು ಹಾಡುಗಳನ್ನು ಆ ಮೆಮೊರಿಗೆ ತಂದುಹಾಕಿ ಮತ್ತೆ ನಿಂತುಬಿಡುತ್ತದೆ. ಪ್ಲೇಯರನ್ನು ಕಿವಿಗೆ ಒತ್ತಿ ಹಿಡಿದರೆ ಗೊತ್ತಾಗುತ್ತದೆ. ಸಣ್ಣಗೆ ಗುಂಯ್ ಅಂತ ಶುರುವಾಗಿ, ಒಂದಿಷ್ಟು ಹೊತ್ತು ಚಿರಿಚಿರಿ ಅಂದು, ಟಕ್ ಅಂತ ನಿಲ್ಲುತ್ತದೆ. ಆಮೇಲೆ ಎಷ್ಟೋ ನಿಮಿಷ ಸದ್ದೇ ಇಲ್ಲ, ಹಾಡು ಮಾತ್ರ ನಡೆಯುತ್ತಿರುತ್ತದೆ.

ಹಾಗಾಗಿ ಹಾಡನ್ನು ಅರ್ಧಕ್ಕೆ ಬಿಟ್ಟು ಮುಂದೆ, ಮುಂದೆ ಅಂತ ಒತ್ತುತ್ತಾ ಹೋಗುವವರ ಪ್ಲೇಯರ್‌ನಲ್ಲಿ ಬ್ಯಾಟರಿ ಬೇಗ ಖಾಲಿ. ಒಂದು ಪ್ಲೇಲಿಸ್ಟ್ ಹಾಕಿ ಸುಮ್ಮನೆ ಬಿಡುವವರಿಗೆ ಅದೇ ಬ್ಯಾಟರಿ ಜಾಸ್ತಿ ಬರುತ್ತದೆ. ಫೈಲ್ ದೊಡ್ಡದಿದ್ದರೂ ಅಷ್ಟೇ, ಮೆಮೊರಿಯಲ್ಲಿ ಕಡಿಮೆ ಹಾಡು ಹಿಡಿಯುತ್ತದೆ, ಡಿಸ್ಕ್ ಪದೇ ಪದೇ ಏಳುತ್ತದೆ.

ಯಾವುದು, ಹೇಗೆ ನೋಡಿ ಕೊಳ್ಳುವುದು

ಹಾರ್ಡ್ ಡಿಸ್ಕ್ ಪ್ಲೇಯರ್ ಶುರು ಮಾಡಿದ್ದು ಆಪಲ್ ಅಲ್ಲ. 1999ರಲ್ಲೇ 4.8 ಜಿಬಿಯ ಪರ್ಸನಲ್ ಜೂಕ್‌ಬಾಕ್ಸ್ ಬಂದಿತ್ತು, 2000ದಲ್ಲಿ ಕ್ರಿಯೇಟಿವ್‌ನ ನೋಮ್ಯಾಡ್ ಜೂಕ್‌ಬಾಕ್ಸ್ ಬಂತು. 2001ರ ಅಕ್ಟೋಬರ್‌ನಲ್ಲಿ 5 ಜಿಬಿಯ ಮೊದಲ ಐಪಾಡ್ ಬಂದಮೇಲೆ ಉಳಿದವು ಹಿಂದೆ ಬಿದ್ದವು. ಐರಿವರ್, ಆರ್ಕೋಸ್, ಕೋವನ್ ಕಂಪನಿಗಳ ಪ್ಲೇಯರ್‌ಗಳೂ ಒಳ್ಳೆಯವೇ, ಆದರೆ ನಮ್ಮ ಕಡೆ ಸಿಗುವುದು ಅಪರೂಪ, ಸಿಕ್ಕರೂ ಬಿಡಿಭಾಗಕ್ಕೆ ಪರದಾಡಬೇಕು. ಮೈಕ್ರೋಸಾಫ್ಟ್‌ನ ಝೂನ್ ಬೇಡ. ಅದಕ್ಕೆ ಅದರದ್ದೇ ಸಾಫ್ಟ್‌ವೇರ್ ಬೇಕು, ಅದು ನಿಂತು ಬಹಳ ವರ್ಷ ಆಯಿತು.

ಐಪಾಡ್‌ನಲ್ಲಿ ಎರಡೇ ಸಾಲು ನೋಡಿ. 2005-06ರ ಐದನೇ ತಲೆಮಾರಿನದು, ಅಂದರೆ ವಿಡಿಯೋ ತೋರಿಸುವ ಮೊದಲ ಐಪಾಡ್: 30, 60, ಆಮೇಲೆ 80 ಜಿಬಿ. ಮುಂಭಾಗ ಪ್ಲಾಸ್ಟಿಕ್. ಇನ್ನೊಂದು 2007ರಿಂದ ಬಂದ ಕ್ಲಾಸಿಕ್: 80, 120, 160 ಜಿಬಿ, ಮುಂಭಾಗ ಲೋಹ. 2014ರ ಸೆಪ್ಟೆಂಬರ್‌ನಲ್ಲಿ ಕ್ಲಾಸಿಕ್ ಮಾರಾಟ ನಿಂತಿತು. ಮುಂದೆ ಎಂದಾದರೂ ಬಿಚ್ಚಿ ಬ್ಯಾಟರಿ ಹಾಕುವ ಯೋಚನೆ ಇದ್ದರೆ ಪ್ಲಾಸ್ಟಿಕ್‌ನದು ತೊಗೊಳ್ಳಿ, ಲೋಹದ ಕೇಸು ಬಿಚ್ಚುವುದು ನಿಜಕ್ಕೂ ತಲೆನೋವು, ಅಂಚು ಸೊಟ್ಟ ಆಗುತ್ತದೆ. ಬಿಚ್ಚುವ ಗೋಜೇ ಬೇಡ, ಸಿಕ್ಕಷ್ಟು ದಿನ ಕೇಳುತ್ತೇನೆ ಅನ್ನುವವರಿಗೆ 2009ರ 160 ಜಿಬಿ ಕ್ಲಾಸಿಕ್ ಅಷ್ಟು ಒಳ್ಳೆಯದು ಬೇರೆ ಇಲ್ಲ. ಹೊಸದರಲ್ಲಿ ಅದಕ್ಕೆ 36 ಗಂಟೆ ಹಾಡು ಅಂತ ಆಪಲ್ ಹೇಳುತ್ತಿತ್ತು.

ನೋಡಲು ಹೋಗುವಾಗ 30 ಪಿನ್‌ನ ಅಗಲ ಕೇಬಲ್, ಒಂದು ಪವರ್ ಬ್ಯಾಂಕ್, ನಿಮ್ಮದೇ ಇಯರ್‌ಫೋನ್ ಜೊತೆಗಿರಲಿ. "ಚಾರ್ಜ್ ಇಲ್ಲ ಸಾರ್, ಮನೆಗೆ ಹೋಗಿ ನೋಡಿ, ಗ್ಯಾರಂಟಿ ನಂದು" ಅನ್ನುತ್ತಾರೆ. ಗಡಿಬಿಡಿ ಬೇಡ. ಅಲ್ಲೇ ಚಾರ್ಜಿಗೆ ಹಾಕಿ ಒಂದು ಚಹಾ ಕುಡಿದು ಬನ್ನಿ. ಪವರ್ ಬ್ಯಾಂಕ್‌ನಿಂದ ಚಾರ್ಜ್ ಆಗದಿದ್ದರೆ ಐಪಾಡ್ ಕೆಟ್ಟಿದೆ ಅಂತಲೇ ಅರ್ಥ ಅಲ್ಲ, ಕೆಲವು ಚಾರ್ಜರ್‌ಗಳನ್ನು ಅದು ಒಪ್ಪುವುದಿಲ್ಲ, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೋಡಿ.

ಆನ್ ಆದ ಮೇಲೆ ಮೊದಲು ಕಿವಿಗೆ ಹಿಡಿಯಿರಿ. ನಯವಾದ ಗುಂಯ್ ಸದ್ದು ಇರಬೇಕು. ಕ್ಲಿಕ್, ಕ್ಲಿಕ್, ಕ್ಲಿಕ್ ಅಂತ ಒಂದೇ ತಾಳದಲ್ಲಿ ಬಡಿದುಕೊಳ್ಳುತ್ತಿದ್ದರೆ ಡಿಸ್ಕ್ ಮುಗಿದಿದೆ, ಬೆಲೆ ಮಾತಾಡುವುದೇ ಬೇಡ.

ಆಮೇಲೆ ಬಹಳ ಜನಕ್ಕೆ ಗೊತ್ತಿಲ್ಲದ ಒಂದು ಪರೀಕ್ಷೆ ಇದೆ. ಮೆನು ಗುಂಡಿ ಮತ್ತು ಮಧ್ಯದ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿಹಿಡಿಯಿರಿ. ಕೆಲವು ಸೆಕೆಂಡಿಗೆ ಸ್ಕ್ರೀನ್ ಆರಿ ಆಪಲ್ ಗುರುತು ಬರುತ್ತದೆ. ಬಂದ ತಕ್ಷಣ ಮಧ್ಯದ ಗುಂಡಿ ಮತ್ತು ಹಿಂದಿನ ಹಾಡಿಗೆ ಹೋಗುವ ಎಡಗಡೆ ಗುಂಡಿ, ಇವೆರಡನ್ನು ಒತ್ತಿಹಿಡಿಯಿರಿ. ಬೇರೆಯದೇ ಒಂದು ಪರೀಕ್ಷೆಯ ಮೆನು ತೆರೆಯುತ್ತದೆ. ಅದರಲ್ಲಿ ಮ್ಯಾನುಯಲ್ ಟೆಸ್ಟ್, ಐಓ, ಹಾರ್ಡ್ ಡ್ರೈವ್ ಅಂತ ಒಳಗೆ ಹೋದರೆ ಸ್ಮಾರ್ಟ್ ಡೇಟಾ ಅಂತ ಇರುತ್ತದೆ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಂಡ ಲೆಕ್ಕ ಅದು. ರೀಅಲಾಕ್ಸ್ ಅನ್ನುವ ಸಾಲು ಕೆಟ್ಟುಹೋದ ಜಾಗ ಬಿಟ್ಟು ಬೇರೆ ಜಾಗ ಎಷ್ಟು ಬಳಸಿಕೊಂಡಿದೆ ಅಂತ ಹೇಳುತ್ತದೆ. ಸೊನ್ನೆ ಇದ್ದರೆ ಬಹಳ ಚೆನ್ನಾಗಿದೆ, ಒಂದಷ್ಟಿದ್ದರೂ ನಡೆಯುತ್ತದೆ, ನೂರಾರು ಇದ್ದರೆ ಬೇಡ. ಪೆಂಡಿಂಗ್ ಸೆಕ್ಟರ್ಸ್ ಅನ್ನುವುದು ಈಗ ಓದಲು ಕಷ್ಟಪಡುತ್ತಿರುವ ಜಾಗ. ಅದು ಸೊನ್ನೆಯೇ ಇರಬೇಕು. ಪವರ್ ಆನ್ ಅವರ್ಸ್ ನೋಡಿದರೆ "ಅಷ್ಟಾಗಿ ಬಳಸೇ ಇಲ್ಲ" ಅಂದ ಮಾತು ಎಷ್ಟು ನಿಜ ಅಂತ ಗೊತ್ತಾಗುತ್ತದೆ. ನೋಡಿ ಆದಮೇಲೆ ಮತ್ತೆ ಮೆನು ಮತ್ತು ಮಧ್ಯದ ಗುಂಡಿ ಒತ್ತಿದರೆ ಮಾಮೂಲಿ ಸ್ಥಿತಿಗೆ ಬರುತ್ತದೆ. ಹಾಡು ಏನೂ ಹೋಗುವುದಿಲ್ಲ.

ಉಳಿದದ್ದು ಸಣ್ಣಪುಟ್ಟ. ಇಯರ್‌ಫೋನ್ ಪಿನ್ ಅಲ್ಲಾಡಿಸಿದಾಗ ಒಂದು ಕಿವಿ ಕಟ್ ಆಗುತ್ತಾ, ಗುಂಡಿಗಳು ತಾವಾಗೇ ಒತ್ತಿಹೋಗದ ಹಾಗೆ ತಡೆಯುವ ಮೇಲಿನ ಹೋಲ್ಡ್ ಸ್ವಿಚ್ ಎರಡೂ ಕಡೆ ಸರಿಯುತ್ತಾ, ಚಕ್ರ ಬೆರಳಿಗೆ ಸರಿಯಾಗಿ ಓಡುತ್ತಾ ನೋಡಿ. ಹಿಂಭಾಗ ಉಬ್ಬಿದ್ದರೆ ಅಥವಾ ಕೇಸಿನ ಸಂದು ಬಾಯಿ ಬಿಟ್ಟಿದ್ದರೆ ಒಳಗೆ ಬ್ಯಾಟರಿ ಊದಿದೆ, ಅದನ್ನು ಚಾರ್ಜಿಗೆ ಹಾಕಲೇಬೇಡಿ.

ಹಾಡು ತುಂಬುವುದು

ನಿಜವಾದ ಕೆಲಸ ಇರುವುದು ಇಲ್ಲೇ.

ವಿಂಡೋಸ್‌ನಲ್ಲಿ ಐಟ್ಯೂನ್ಸ್, ಅಂದರೆ ಐಪಾಡ್‌ಗೆ ಹಾಡು ಹಾಕುವ ಆಪಲ್‌ನದೇ ಸಾಫ್ಟ್‌ವೇರ್, ಈಗಲೂ ಸಿಗುತ್ತದೆ. ಅದೊಂದನ್ನೇ ಹಾಕಿಕೊಳ್ಳಿ. ಹೊಸ ಆಪಲ್ ಮ್ಯೂಸಿಕ್ ಆ್ಯಪನ್ನೂ ಜೊತೆಗೆ ಹಾಕಿದರೆ ಐಟ್ಯೂನ್ಸ್‌ನಿಂದ ಹಾಡಿನ ವಿಭಾಗವೇ ಮಾಯವಾಗುತ್ತದೆ. ಐಪಾಡ್ ಮೊದಲ ಸಲ ಸಿಕ್ಕಿಸಿದಾಗ "ಇದು ಬೇರೆ ಲೈಬ್ರರಿಗೆ ಸೇರಿದೆ, ಅಳಿಸಿ ಸಿಂಕ್ ಮಾಡಲಾ" ಅಂತ ಕೇಳಬಹುದು. ಒಳಗಿನ ಹಾಡು ಬೇಕಿದ್ದರೆ ಬೇಡ ಅನ್ನಿ. ಹೂಂ ಅಂದರೆ ಹಳೇ ಮಾಲೀಕರು ವರ್ಷಗಟ್ಟಲೆ ಕೂಡಿಟ್ಟದ್ದೆಲ್ಲ ಹೋಯಿತು. ಆಮೇಲೆ ಸಮರಿ ಪುಟಕ್ಕೆ ಹೋಗಿ, ಹಾಡುಗಳನ್ನು ನಾನೇ ಹಾಕುತ್ತೇನೆ ಅನ್ನುವ ಮ್ಯಾನುಯಲ್ ಆಯ್ಕೆಗೆ ಟಿಕ್ ಹಾಕಿ. ಡಿಸ್ಕ್ ಯೂಸ್ ಅನ್ನುವುದಕ್ಕೂ ಹಾಕಿ, ಆಗ ಐಪಾಡ್ ಪೆನ್ ಡ್ರೈವ್ ಹಾಗೆ ಕಂಪ್ಯೂಟರ್‌ನಲ್ಲಿ ಕಾಣುತ್ತದೆ.

ಮ್ಯಾಕ್‌ನಲ್ಲಿ ಫಾರ್ಮ್ಯಾಟ್ ಆದ ಐಪಾಡನ್ನು ವಿಂಡೋಸ್ ಓದುವುದಿಲ್ಲ. ಹಾಗಾದಾಗ ಕೆಟ್ಟಿದೆ ಅಂತ ಹೆದರಬೇಡಿ, ವಿಂಡೋಸ್‌ನಲ್ಲೇ ಒಮ್ಮೆ ರಿಸ್ಟೋರ್ ಮಾಡಿದರೆ ಸರಿ ಹೋಗುತ್ತದೆ, ಒಳಗಿದ್ದದ್ದು ಮಾತ್ರ ಅಳಿಯುತ್ತದೆ.

ಯಾವ ಫೈಲ್? ಎಂಪಿ3 ಮತ್ತು ಎಎಸಿ ಎರಡೂ ಆರಾಮ. 256 ಕೆಬಿಪಿಎಸ್ ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 2 ಎಂಬಿ, ಅಂದರೆ ಐದು ನಿಮಿಷದ ಹಾಡಿಗೆ 10 ಎಂಬಿ. 80 ಜಿಬಿ ಅಂದದ್ದು ಕಂಪ್ಯೂಟರ್ ಲೆಕ್ಕದಲ್ಲಿ 74 ಜಿಬಿ ಆಸುಪಾಸು, ಆದರೂ ಏಳು ಸಾವಿರ ಹಾಡು ಹಿಡಿಯುತ್ತದೆ. ಗುಣಮಟ್ಟ ಒಂದಿಷ್ಟೂ ಕಳೆಯದ (ಲಾಸ್‌ಲೆಸ್) ಫ್ಲ್ಯಾಕ್ ಫೈಲನ್ನು ಐಪಾಡ್ ಓದುವುದಿಲ್ಲ, ಅದೇ ಬಗೆಯ ಆಪಲ್ ಲಾಸ್‌ಲೆಸ್‌ಗೆ ಬದಲಿಸಬೇಕು. ಫೂಬಾರ್2000 ಅನ್ನುವ ಸಾಫ್ಟ್‌ವೇರ್‌ನಲ್ಲಿ ಆಗುತ್ತದೆ. ಆದರೆ ಬಸ್ಸಿನಲ್ಲಿ, ಪಿ.ಬಿ. ರಸ್ತೆಯ ಹಾರನ್ನುಗಳ ಮಧ್ಯೆ ಕೇಳುವುದಕ್ಕೆ ಲಾಸ್‌ಲೆಸ್ ಯಾಕೆ? ಒಂದು ಹಾಡು 25, 30 ಎಂಬಿ ಆಗುತ್ತದೆ, 32 ಎಂಬಿ ಮೆಮೊರಿ ಒಂದೇ ಹಾಡಿಗೆ ತುಂಬಿಹೋಗುತ್ತದೆ, ಡಿಸ್ಕ್‌ಗೆ ಬಿಡುವೇ ಇರುವುದಿಲ್ಲ. ಮನೆಯ ಕಂಪ್ಯೂಟರ್‌ನಲ್ಲಿ ಲಾಸ್‌ಲೆಸ್ ಇಟ್ಟುಕೊಳ್ಳಿ, ಐಪಾಡ್‌ಗೆ 256 ಹಾಕಿ. ಚಂದಾ ಕಟ್ಟಿ ಕೇಳುವ ಸ್ಟ್ರೀಮಿಂಗ್ ಹಾಡುಗಳು ಇದಕ್ಕೆ ಹೋಗುವುದಿಲ್ಲ. ನಿಮ್ಮದೇ ಸಿಡಿ, ಕ್ಯಾಸೆಟ್, ದುಡ್ಡು ಕೊಟ್ಟು ಇಳಿಸಿಕೊಂಡ ಫೈಲ್, ಇಷ್ಟೇ.

ಇನ್ನು ಕನ್ನಡ ಹಾಡಿನ ಟ್ಯಾಗ್, ಅಂದರೆ ಫೈಲಿನ ಒಳಗೇ ಬರೆದಿಟ್ಟ ಹಾಡು, ಗಾಯಕರು, ಆಲ್ಬಂ ಇವುಗಳ ಹೆಸರು. ಐಪಾಡ್ ಫೈಲ್ ಹೆಸರು ನೋಡುವುದೇ ಇಲ್ಲ, ಟ್ಯಾಗ್ ಮಾತ್ರ ನೋಡುತ್ತದೆ. ನಮ್ಮಲ್ಲಿ ಟ್ಯಾಗ್ ಗತಿ ಏನು ಅಂತ ಹಳೇ ಎಂಪಿ3 ಸಿಡಿ ಒಂದನ್ನು ಹಾಕಿ ನೋಡಿ. ಪಿ.ಬಿ. ಶ್ರೀನಿವಾಸ್ ಒಬ್ಬರೇ ಆರ್ಟಿಸ್ಟ್ ಪಟ್ಟಿಯಲ್ಲಿ ಐದಾರು ಜನ ಆಗಿರುತ್ತಾರೆ. ಒಂದರಲ್ಲಿ ಚುಕ್ಕಿ ಇದೆ, ಒಂದರಲ್ಲಿ ಇಲ್ಲ, ಒಂದರಲ್ಲಿ ಬರೀ ಪಿಬಿಎಸ್, ಇನ್ನೊಂದರಲ್ಲಿ ಇಂಗ್ಲಿಷ್ ಸ್ಪೆಲಿಂಗ್ ಬೇರೆ, ಮತ್ತೊಂದರಲ್ಲಿ ಜೊತೆ ಹಾಡಿದವರ ಹೆಸರೂ ಸೇರಿ ಹೊಸ ಗಾಯಕರೇ ಹುಟ್ಟಿಕೊಂಡಿದ್ದಾರೆ. ಅವರ ಹಾಡೆಲ್ಲ ಒಟ್ಟಿಗೆ ಕೇಳೋಣ ಅಂದರೆ ಆಗುವುದೇ ಇಲ್ಲ. ಎಂಪಿ3ಟ್ಯಾಗ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ನೂರು ಫೈಲ್ ಒಟ್ಟಿಗೆ ಆರಿಸಿ ಒಂದೇ ಸಲ ಹೆಸರು ಸರಿಮಾಡಬಹುದು. ಒಂದು ಸ್ಪೆಲಿಂಗ್ ತೀರ್ಮಾನ ಮಾಡಿಕೊಳ್ಳಿ, ಯಾವುದಾದರೂ ಸರಿ, ಅದನ್ನೇ ಕೊನೆವರೆಗೂ ಬಳಸಿ. ಟ್ಯಾಗನ್ನು ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ ಅಂತ ನನ್ನ ಸಲಹೆ. ಕನ್ನಡದ ಒತ್ತಕ್ಷರ, ಗುಣಿತ ಜೋಡಿಸಿ ತೋರಿಸುವುದು ಹಳೇ ಪ್ಲೇಯರ್‌ಗಳ ಕೈಲಿ ಆಗುವ ಕೆಲಸ ಅಲ್ಲ.

ಸಿನಿಮಾ ಆಲ್ಬಂಗಳದ್ದು ಇನ್ನೊಂದು ಕಾಟ. ಆರು ಹಾಡಿಗೆ ನಾಲ್ಕು ಗಾಯಕರಿದ್ದರೆ ಒಂದೇ ಆಲ್ಬಂ ನಾಲ್ಕು ತುಂಡಾಗಿ ಬೇರೆ ಬೇರೆ ಕಡೆ ಕೂರುತ್ತದೆ. ಆಲ್ಬಂ ಆರ್ಟಿಸ್ಟ್ ಅನ್ನುವ ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಹಾಕಿ, ಐಟ್ಯೂನ್ಸ್‌ನಲ್ಲಿ ಕಂಪೈಲೇಶನ್ ಅಂತ ಟಿಕ್ ಮಾಡಿ, ಮುಗೀತು. ವಚನ, ತತ್ವಪದ ಕೇಳುವವರು ಕಂಪೋಸರ್ ಜಾಗಕ್ಕೆ ಬರೆದವರ ಹೆಸರು ಹಾಕಿ. ಐಪಾಡ್‌ನಲ್ಲಿ ಕಂಪೋಸರ್ಸ್ ಅಂತ ಬೇರೆ ಮೆನುವೇ ಇದೆ, ಹಾಡಿದವರು ಯಾರೇ ಆಗಲಿ, ಒಬ್ಬ ವಚನಕಾರರದ್ದೆಲ್ಲ ಒಂದೇ ಕಡೆ ಸಿಗುತ್ತದೆ. ಫೋನಿನ ಆ್ಯಪ್‌ಗಳಲ್ಲಿ ಇಷ್ಟು ಸಲೀಸಾಗಿ ನಾನು ಕಂಡಿಲ್ಲ.

ಪ್ರವಚನ, ಹರಿಕಥೆ, ನಾಟಕದ ಕ್ಯಾಸೆಟ್‌ನಿಂದ ಇಳಿಸಿದ ಉದ್ದ ಫೈಲ್‌ಗಳಿಗೆ ಐಟ್ಯೂನ್ಸ್‌ನ ಗೆಟ್ ಇನ್ಫೋ, ಆಪ್ಷನ್ಸ್‌ನಲ್ಲಿ ಎರಡು ಟಿಕ್ ಇವೆ. ಒಂದು, ನಿಲ್ಲಿಸಿದ ಜಾಗ ನೆನಪಿಟ್ಟುಕೊಳ್ಳುವುದು. ಇನ್ನೊಂದು, ಶಫಲ್‌ನಲ್ಲಿ (ಹಾಡುಗಳನ್ನು ಕಲಸಿ ಹಾಕುವಾಗ) ಬಿಟ್ಟುಬಿಡುವುದು. ಎರಡೂ ಹಾಕಿ. ಇಲ್ಲದಿದ್ದರೆ ಒಳ್ಳೆ ಹಾಡು ಬರುತ್ತಿರುವಾಗ ಇದ್ದಕ್ಕಿದ್ದಂತೆ ಸ್ವಾಮಿಗಳ ಪ್ರವಚನ ಶುರುವಾಗುತ್ತದೆ. ಸೌಂಡ್ ಚೆಕ್ ಕೂಡ ಆನ್ ಮಾಡಿ, ಅರವತ್ತರ ದಶಕದ ಮೆತ್ತಗಿನ ಹಾಡಾದ ಮೇಲೆ ಈಗಿನ ಹಾಡು ಬಂದು ಕಿವಿ ಹರಿಯುವುದು ತಪ್ಪುತ್ತದೆ. ಈಕ್ವಲೈಜರ್‌ನಲ್ಲಿ ಬಾಸ್ ಬೂಸ್ಟರ್ ಮುಟ್ಟಬೇಡಿ, ಐದನೇ ತಲೆಮಾರಿನದರಲ್ಲಿ ಸ್ವರ ಒಡೆಯುತ್ತದೆ.

ಹಾಡು ಹೋಗುತ್ತಿರುವಾಗ ಡಿಸ್ಕ್ ಬಿಡುವಿಲ್ಲದೆ ತಿರುಗುತ್ತಿರುತ್ತದೆ, ಬಿಸಿಯೂ ಆಗುತ್ತದೆ. ಮೇಜಿನ ಮೇಲೆ ಅಲುಗದ ಹಾಗೆ ಇಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ ದೊಡ್ಡ ಕಾಪಿ ಹಾಕಬೇಡಿ, ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲಾಗುವುದಿಲ್ಲ ಅಲ್ವಾ, ಬರೆಯುತ್ತಿರುವಾಗ ಕಟ್ ಆದರೆ ಹಾಡಿನ ಪಟ್ಟಿಯೇ ಕೆಡುತ್ತದೆ. ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಇಜೆಕ್ಟ್ ಮಾಡದೆ ಕೇಬಲ್ ಕೀಳಬೇಡಿ.

ಐಟ್ಯೂನ್ಸ್ ಬೇಡವೇ ಬೇಡ ಅನ್ನುವವರಿಗೆ ರಾಕ್‌ಬಾಕ್ಸ್ ಇದೆ, ಉಚಿತ, ಐಪಾಡ್‌ನ ಮೂಲ ಸಾಫ್ಟ್‌ವೇರ್ ಪಕ್ಕದಲ್ಲೇ ಕೂರುತ್ತದೆ. ಫೋಲ್ಡರ್ ಹಾಗೇ ಎಳೆದು ಹಾಕಬಹುದು, ಫ್ಲ್ಯಾಕ್, ಆಗ್ (Ogg) ಫೈಲ್ ಎಲ್ಲ ಓದುತ್ತದೆ. ಲಿನಕ್ಸ್‌ನವರಿಗೆ ಇದೇ ಸರಿ. ನೋಡಲು ಅಷ್ಟು ಚೆಂದ ಇಲ್ಲ.

ಜೇಬು, ಗಾಡಿ, ಬಿಸಿಲು

ನಡೆಯುವಾಗ ತೊಂದರೆ ಇಲ್ಲ. ಓಡುವುದಕ್ಕೆ ಬೇಡ. ಹೈಸ್ಕೂಲ್ ಮೈದಾನದಲ್ಲಿ ಬೆಳಗ್ಗೆ ಓಡುವವರು ತಿರುಗುವ ಡಿಸ್ಕ್ ಇಲ್ಲದ ಸಣ್ಣ ಫ್ಲ್ಯಾಶ್ ಪ್ಲೇಯರ್ ಇಟ್ಟುಕೊಳ್ಳಿ. ಬೈಕಿನ ಟ್ಯಾಂಕ್ ಮೇಲಿನ ಪೌಚು, ಸ್ಕೂಟರಿನ ಡಿಕ್ಕಿ, ಇವೆರಡೂ ಡಿಸ್ಕ್‌ಗೆ ಕೆಟ್ಟ ಜಾಗ. ನಿಂತಿರುವ ಡಿಸ್ಕ್ ಗುಂಡಿ, ಹಂಪ್‌ಗಳನ್ನು ತಡೆದುಕೊಳ್ಳುತ್ತದೆ, ಏಕೆಂದರೆ ಆಗ ಹೆಡ್ ಪಕ್ಕಕ್ಕೆ ಸರಿದು ಕೂತಿರುತ್ತದೆ. ತಿರುಗುವಾಗ ಬಿದ್ದ ಏಟು ಬೇರೆ. ಗಾಡಿ ಹತ್ತುವ ಮುಂಚೆ ಹಾಡು ನಿಲ್ಲಿಸಿ, ಹೋಲ್ಡ್ ಹಾಕಿ, ಅಂಗಿಯ ಜೇಬಿಗೆ ಅಥವಾ ಬ್ಯಾಗಿನಲ್ಲಿ ಬಟ್ಟೆ ಮಧ್ಯಕ್ಕೆ ಇಡಿ. ಬಸ್ಸಿನಲ್ಲಿ ಕೊನೇ ಸೀಟು ಬಿಡಿ, ಕೈಯಲ್ಲಿ ಹಿಡಿದುಕೊಳ್ಳಿ, ಕೈ ಕುಲುಕನ್ನು ತಾನೇ ನುಂಗುತ್ತದೆ.

ದುರ್ಗದ ಕೋಟೆ ಹತ್ತುವಾಗ ಕೇಳಿಕೊಂಡೇ ಹೋಗಬಹುದು. ಓಬವ್ವನ ಕಿಂಡಿಯಲ್ಲಿ ನುಸುಳುವಾಗ ಮಾತ್ರ ಪ್ಯಾಂಟಿನ ಜೇಬಿನಿಂದ ತೆಗೆದು ಕೈಯಲ್ಲಿ ಹಿಡಿಯಿರಿ, ಕಲ್ಲಿಗೆ ಉಜ್ಜಿದರೆ ಹಿಂಭಾಗದ ಹೊಳಪು ಹೋಗುತ್ತದೆ. ಹೆಡ್ ಗಾಳಿಯ ಮೇಲೆ ತೇಲುವುದರಿಂದ ತೀರಾ ಎತ್ತರದಲ್ಲಿ, ಗಾಳಿ ತೆಳುವಾದ ಕಡೆ, ಹಾರ್ಡ್ ಡಿಸ್ಕ್ ಬಳಸಬಾರದು. ಆಪಲ್ ಹಾಕಿದ ಮಿತಿ 3000 ಮೀಟರ್. ಚಿತ್ರದುರ್ಗದ ಪಕ್ಕದ ನಮ್ಮ ಜೋಗಿಮಟ್ಟಿ ಬೆಟ್ಟ ಅದರ ಅರ್ಧದಷ್ಟೂ ಇಲ್ಲ. ಆರಾಮಾಗಿ ಹತ್ತಿ.

ಬಿಸಿಲು ಹಾಗಲ್ಲ. ಬಳಸುವಾಗ 35 ಡಿಗ್ರಿ, ಸುಮ್ಮನೆ ಇಟ್ಟಾಗ 45 ಡಿಗ್ರಿ ಅಂತ ಕ್ಲಾಸಿಕ್‌ಗೆ ಮಿತಿ ಇದೆ. ಏಪ್ರಿಲ್‌ನಲ್ಲಿ ದಾವಣಗೆರೆಯಲ್ಲಿ ನೆರಳಿನಲ್ಲೇ 35 ದಾಟುತ್ತದೆ, ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗಿನದ್ದು ಕೇಳುವುದೇ ಬೇಡ. ಕಾರಿನಲ್ಲಿ ಬಿಟ್ಟು ದೋಸೆ ತಿನ್ನಲು ಹೋಗಬೇಡಿ. ಮೊದಲು ಹಾಳಾಗುವುದು ಬ್ಯಾಟರಿ. ಮೆಕ್ಕೆಜೋಳ ಬರುವ ಕಾಲದಲ್ಲಿ ಧೂಳು ಜಾಸ್ತಿ. ಅದು ಡಿಸ್ಕ್ ಒಳಗೆ ಹೋಗುವುದಿಲ್ಲ, ಇಯರ್‌ಫೋನ್ ತೂತು ಮತ್ತು ಕೆಳಗಿನ 30 ಪಿನ್‌ಗೆ ಸೇರುತ್ತದೆ. ಒಣ ಬ್ರಶ್ ಸಾಕು.

ಬಳಸದೆ ಇಟ್ಟರೂ ಎರಡು ಮೂರು ತಿಂಗಳಿಗೊಮ್ಮೆ ಅರ್ಧ ಚಾರ್ಜ್ ಮಾಡಿಡಿ. ಪೂರ್ತಿ ಖಾಲಿಯಾಗಿ ವರ್ಷಗಟ್ಟಲೆ ಬಿದ್ದರೆ ಬ್ಯಾಟರಿ ಮತ್ತೆ ಏಳುವುದಿಲ್ಲ.

ಡಿಸ್ಕ್ ಹೋಗುವ ಲಕ್ಷಣ ಕಂಡರೆ

ಹಾಡು ಮಧ್ಯೆ ನಿಂತು ಮುಂದಿನದಕ್ಕೆ ಹಾರುವುದು, ಸಿಂಕ್ ಒಂದೇ ಕಡೆ ಸಿಕ್ಕಿಕೊಳ್ಳುವುದು, ಗುಂಯ್ ಅಂದು ನಿಂತು ಮತ್ತೆ ಗುಂಯ್ ಅನ್ನುವುದು ಶುರುವಾದರೆ ಅದೇ ದಿನ ಹಾಡುಗಳನ್ನು ಆಚೆ ತೆಗೆಯಿರಿ. ಕಂಪ್ಯೂಟರ್‌ಗೆ ಸಿಕ್ಕಿಸಿ, ಅಡಗಿರುವ ಫೋಲ್ಡರ್ ತೋರಿಸುವ ಆಯ್ಕೆ ಆನ್ ಮಾಡಿ. ಐಪಾಡ್ ಕಂಟ್ರೋಲ್ ಅಂತ ಫೋಲ್ಡರ್, ಅದರೊಳಗೆ ಮ್ಯೂಸಿಕ್, ಅದರೊಳಗೆ ಎಫ್00, ಎಫ್01 ಅಂತ ಸಾಲು ಸಾಲು. ಹಾಡಿನ ಹೆಸರೆಲ್ಲ ನಾಲ್ಕಕ್ಷರದ ಅರ್ಥವಿಲ್ಲದ ಹೆಸರಾಗಿರುತ್ತದೆ, ಗಾಬರಿ ಬೇಡ, ಟ್ಯಾಗ್ ಒಳಗೇ ಇದೆ. ಮ್ಯೂಸಿಕ್ ಫೋಲ್ಡರ್ ಪೂರ್ತಿ ಕಾಪಿ ಮಾಡಿ, ಎಂಪಿ3ಟ್ಯಾಗ್‌ನಲ್ಲಿ ಟ್ಯಾಗ್‌ನಿಂದ ಫೈಲ್ ಹೆಸರು ಮಾಡಿಕೊಳ್ಳಿ. ಐಪಾಡ್ ತೆರೆಯುವುದೇ ಇಲ್ಲ ಅಂದರೆ ಮೆನು ಮತ್ತು ಮಧ್ಯದ ಗುಂಡಿ ಒತ್ತಿಹಿಡಿದು ರಿಸೆಟ್ ಮಾಡಿ, ಆಪಲ್ ಗುರುತು ಬಂದಾಗ ಮಧ್ಯದ ಗುಂಡಿ ಮತ್ತು ಪ್ಲೇ ಗುಂಡಿ ಒತ್ತಿಹಿಡಿಯಿರಿ, ಡಿಸ್ಕ್ ಮೋಡ್‌ಗೆ ಹೋಗುತ್ತದೆ, ಆಗ ಪ್ರಯತ್ನಿಸಿ. ಮೇಜಿಗೆ ಕುಟ್ಟುವುದು, ಫ್ರಿಜ್‌ನಲ್ಲಿ ಇಡುವುದು, ಇವೆಲ್ಲ ಮಾಡಬೇಡಿ.

ಹೊಸ 1.8 ಇಂಚಿನ ಡಿಸ್ಕ್ ಹುಡುಕಿಕೊಂಡು ಅಲೆಯಬೇಡಿ. ಈಗ ಎಲ್ಲರೂ ಮಾಡುವುದು ಐಫ್ಲ್ಯಾಶ್ ಅನ್ನುವ ಸಣ್ಣ ಬೋರ್ಡ್ ಹಾಕಿ, ಅದರಲ್ಲಿ ಎಸ್‌ಡಿ ಕಾರ್ಡ್ ಕೂರಿಸುವುದು. ಆಮೇಲೆ ಅದು ಹಾರ್ಡ್ ಡಿಸ್ಕ್ ಪ್ಲೇಯರ್ ಅಲ್ಲ ಬಿಡಿ, ಆದರೆ ಮೇಲೆ ಹೇಳಿದ ಅರ್ಧ ಎಚ್ಚರಿಕೆ ಬೇಕಾಗುವುದಿಲ್ಲ, ಬ್ಯಾಟರಿಯೂ ಜಾಸ್ತಿ ಬರುತ್ತದೆ. 2007ರ 80 ಜಿಬಿ, 2008ರ 120 ಜಿಬಿ ಕ್ಲಾಸಿಕ್‌ಗಳು 128 ಜಿಬಿಗಿಂತ ಹೆಚ್ಚಿನ ಜಾಗ ಬಳಸುವುದಿಲ್ಲ, ದೊಡ್ಡ ಕಾರ್ಡ್‌ಗೆ ದುಡ್ಡು ಸುರಿಯಬೇಡಿ. ಕಾರ್ಡ್ ನಕಲಿಯೋ ಅಸಲಿಯೋ ಅಂತ ಎಚ್2ಟೆಸ್ಟ್‌ಡಬ್ಲ್ಯೂ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮೊದಲೇ ಪರೀಕ್ಷಿಸಿ.

ಮೊಬೈಲ್ ರಿಪೇರಿ ಅಂಗಡಿಗೆ ಕೊಡುವುದಾದರೆ ಪಕ್ಕದಲ್ಲೇ ಕೂತು ಎರಡು ಮಾತು ಹೇಳಿ. ಬೆನ್ನಿನ ತಟ್ಟೆಯನ್ನು ಒಮ್ಮೆಗೇ ಎಳೆಯಬಾರದು, ಬ್ಯಾಟರಿ ಮತ್ತು ಇಯರ್‌ಫೋನ್ ಜ್ಯಾಕ್‌ನ ರಿಬ್ಬನ್‌ಗಳು ಅದಕ್ಕೆ ಅಂಟಿಕೊಂಡಿರುತ್ತವೆ, ಹರಿಯುತ್ತವೆ. ರಿಬ್ಬನ್ ತೆಗೆಯುವ ಮುಂಚೆ ಕನೆಕ್ಟರ್‌ನ ಸಣ್ಣ ಲಾಕ್ ಎತ್ತಬೇಕು. ಕಾರ್ಡ್ ಹಾಕಿದ ಮೇಲೆ ಕೇಸು ಮುಚ್ಚದೆಯೇ ಐಟ್ಯೂನ್ಸ್‌ನಲ್ಲಿ ರಿಸ್ಟೋರ್ ಮಾಡಿ, ಎರಡೂ ಕಿವಿಯಲ್ಲಿ ಹಾಡು ಬರುತ್ತಾ, ಹೋಲ್ಡ್ ಸ್ವಿಚ್ ಕೆಲಸ ಮಾಡುತ್ತಾ ನೋಡಿ, ಆಮೇಲೆ ಮುಚ್ಚಿಸಿ. ಬಿಚ್ಚಿದಷ್ಟು ಸಲವೂ ಒಳಗಿನ ಕೊಕ್ಕೆಗಳು ಸಡಿಲ ಆಗುತ್ತಾ ಹೋಗುತ್ತವೆ.